ಬೀಗದ ಫೋನು, ಓಪನ್ ಫೋನು: ನಮ್ಮ ಗುಡ್ಡದ ಲೆಕ್ಕವೇ ಬೇರೆ

ಅಡಿಕೆ ಮಂಡಿಗೆ ಹೋಗಿ, ಕಾಫಿ ಕಣದಿಂದ ಎದ್ದು, ಕೈಯಲ್ಲಿ ನಾಲ್ಕು ಕಾಸು ಓಡಾಡೋ ಹೊತ್ತಿಗೆ ನಮ್ಮ ಕಡೆ ಫೋನು ಬದಲಿಸೋ ಮಾತೂ ಏಳುತ್ತೆ. ಆಗ ಬರೋ ಪ್ರಶ್ನೆ ಇದು. ಅದೇ ಮಾಡೆಲ್ಲು, ಅದೇ ಡಬ್ಬಿ. ಒಂದು ಕಡೆ ಆರು ಸಾವಿರ, ಇನ್ನೊಂದು ಕಡೆ ಎಂಟೂವರೆ. ಆರು ಸಾವಿರದ್ದಕ್ಕೆ ಒಂದೇ ಷರತ್ತು, ಇಂಥ ಕಂಪನಿಯ ಸಿಮ್ಮು ಮಾತ್ರ ಹಾಕಬೇಕು. ಯಾವುದು ತಗೊಳ್ಳೋದು?

ಇದಕ್ಕೆ ಪೇಟೆಯವರ ಉತ್ತರ ಬೇರೆ, ನಮ್ಮ ಉತ್ತರ ಬೇರೆ. ಬೆಂಗಳೂರಿನಲ್ಲಿ ಯಾವ ಸಿಮ್ಮು ಹಾಕಿದರೂ ಮಾತಾಡಬಹುದು, ಹಾಗಾಗಿ ಅವರಿಗೆ ಎರಡೂವರೆ ಸಾವಿರ ಉಳಿದರೆ ಲಾಭವೇ. ಬಸರೀಕಟ್ಟೆ, ಜಯಪುರ, ಕಳಸದ ದಾರಿಯಲ್ಲಿ ಹಾಗಲ್ಲ. ಅಂಗಳದಲ್ಲಿ ಹಿಡಿಯೋ ಕಂಪನಿ ತೋಟಕ್ಕೆ ಇಳಿದರೆ ಇಲ್ಲ. ತೋಟದಲ್ಲಿ ಹಿಡಿಯೋದು ಗುಡ್ಡದ ಆಚೆಗೆ ಇಲ್ಲ. ಇಲ್ಲಿ ಸಿಮ್ಮು ಬದಲಿಸೋ ಸ್ವಾತಂತ್ರ್ಯ ಅಂದರೆ ಶೋಕಿ ಅಲ್ಲ. ರಾತ್ರಿ ಹೊತ್ತು ಹಾವು ಕಚ್ಚಿದರೆ ಜೀಪಿಗೆ ಫೋನ್ ಹೋಗುತ್ತೋ ಇಲ್ಲವೋ ಅನ್ನೋ ಪ್ರಶ್ನೆ.

ಈ ಬೀಗದ ವ್ಯವಹಾರ ಇವತ್ತಿನದಲ್ಲ. ನಮ್ಮ ಮನೆಗಳಿಗೆ ಫೋನು ಬಂದ ದಿನದಿಂದಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಆ ಚರಿತ್ರೆ ಒಂದು ಸುತ್ತು ನೋಡಿದರೆ ಅಂಗಡಿಯಲ್ಲಿ ಏನು ಕೇಳಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತೆ.

ಮೊದಲು ಬೀಗ ಅಂದರೆ ಎಂಥದು ಅಂತ ಹೇಳಿಬಿಡ್ತೀನಿ. ಸ್ಕ್ರೀನಿಗೆ ಹಾಕೋ ನಂಬರ್ ಲಾಕ್ ಅಲ್ಲ ಇದು. ಪ್ರತಿ ಸಿಮ್ಮಿನೊಳಗೂ ಒಂದು ಉದ್ದದ ಸಂಖ್ಯೆ ಇರುತ್ತೆ. ನಮ್ಮ ದೇಶದ್ದಾದರೆ 404 ಅಥವಾ 405ರಿಂದ ಶುರು, ಅದರ ಮುಂದಿನ ಅಂಕಿಗಳು ಯಾವ ಕಂಪನಿ, ಯಾವ ರಾಜ್ಯ ಅಂತ ಹೇಳುತ್ತವೆ. ಬೀಗ ಹಾಕಿದ ಫೋನು ಆ ಅಂಕಿ ಓದಿ, ತನ್ನ ಒಡೆಯನದಲ್ಲ ಅಂತ ಕಂಡರೆ ಸಿಮ್ಮನ್ನ ಒಪ್ಪಲ್ಲ. ಫೋನಿನಲ್ಲಿ ಕೊರತೆ ಏನೂ ಇರಲ್ಲ. ಓದೋ ಶಕ್ತಿ ಇದೆ, ಒಪ್ಪೋ ಅನುಮತಿ ಇಲ್ಲ, ಅಷ್ಟೇ.

ಇಲಾಖೆಯ ಕಪ್ಪು ಫೋನು

ಹಳಬರ ಮನೆಯ ಮೇಜಿನ ಮೇಲೆ ಕೂತಿರುತ್ತಿದ್ದ, ಬೆರಳು ಹಾಕಿ ತಿರುಗಿಸೋ ಕಪ್ಪು ಫೋನು ನೆನಪಿರಬೇಕು. ಬೆಂಗಳೂರಿನ ದೂರವಾಣಿ ನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ಇಂಥ ಫೋನು ಮಾಡುತ್ತಿತ್ತು. ಆ ಫೋನು ಮನೆಯವರದ್ದಲ್ಲ, ಇಲಾಖೆಯದ್ದು. ನಾವು ಬಾಡಿಗೆ ಕಟ್ಟಿ ಇಟ್ಟುಕೊಂಡವರು. ನಮ್ಮದೇ ಬೇರೆ ಸೆಟ್ಟು ತಂದು ಆ ತಂತಿಗೆ ಸಿಕ್ಕಿಸೋ ಹಾಗಿರಲಿಲ್ಲ. ಅದೂ ಒಂದು ಬೀಗವೇ. ಆದರೆ ಯಾರಿಗೂ ಬೀಗ ಅನ್ನಿಸಲಿಲ್ಲ, ಯಾಕಂದರೆ ಹೋಗೋಕೆ ಬೇರೆ ಬಾಗಿಲೇ ಇರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿಗೆ ಫೋನು ಬಂದಿದ್ದೇ ಹಬ್ಬ.

ಹಳ್ಳಿಗೆ ಫೋನು ಬರೋಕೆ ದಾರಿ ಮಾಡಿದ್ದು ಸಣ್ಣ ಎಕ್ಸ್‌ಚೇಂಜುಗಳು. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಸಿ-ಡಾಟ್ ಸಂಸ್ಥೆ ಶುರುವಾಯಿತು. ಏಸಿ ಕೋಣೆ ಇಲ್ಲದೆ, ನಮ್ಮ ಸೆಕೆ ಧೂಳಿನಲ್ಲೂ ಓಡುವಂಥ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನ ಅವರು ಮಾಡಿದರು. ಅಂಥ ಮೊದಲನೆಯದು ಕೂತಿದ್ದು ನಮ್ಮ ರಾಜ್ಯದಲ್ಲೇ, 1986ರಲ್ಲಿ, ಕಿತ್ತೂರಿನಲ್ಲಿ. ಮುಂದೆ ಮಲೆನಾಡಿನ ಸಣ್ಣ ಪೇಟೆಗಳಿಗೂ ಇಂಥವು ಬಂದವು. ಆದರೆ ನಮ್ಮಲ್ಲಿ ತಂತಿಗೆ ಮಳೆಗಾಲವೇ ಶತ್ರು. ಒಂದು ಮರ ಬಿದ್ದರೆ ಒಂದು ಊರೇ ಮೌನ. ಲೈನ್‌ಮ್ಯಾನ್ ಬಂದು ಹುಡುಕೋ ತನಕ ಫೋನು ಮೇಜಿನ ಅಲಂಕಾರ.

501 ರೂಪಾಯಿಯ ಫೋನು

ಮೊಬೈಲು ದೇಶಕ್ಕೆ ಬಂದಿದ್ದು 1995ರಲ್ಲಿ. ಆಗ ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು, ಅದು ನಮ್ಮಂಥವರ ಮಾತಲ್ಲ. ಬಿಎಸ್ಸೆನ್ನೆಲ್ ಮೊಬೈಲು ಶುರುವಾಗಿದ್ದು 2002ರ ಅಕ್ಟೋಬರಿನಲ್ಲಿ. ಬಂದ ಕರೆಗೆ ದುಡ್ಡಿಲ್ಲ ಅನ್ನೋ ಕಾಲ ಬಂದಿದ್ದು 2003ರಲ್ಲಿ. ಅದೇ ವರ್ಷ ಜುಲೈನಲ್ಲಿ ರಿಲಯನ್ಸ್ ಇನ್ಫೋಕಾಮ್ ಒಂದು ಸ್ಕೀಮು ತಂತು, ಹೆಸರು ಮಾನ್ಸೂನ್ ಹಂಗಾಮಾ. 501 ರೂಪಾಯಿ ಕಟ್ಟಿ ಫೋನು ತಗೊಂಡು ಹೋಗಿ, ಉಳಿದಿದ್ದು ತಿಂಗಳ ಕಂತು. ಮೊಬೈಲು ಅಂದರೆ ಸಾಹುಕಾರರ ವಸ್ತು ಅಂದುಕೊಂಡಿದ್ದ ಕಾಲದಲ್ಲಿ ಆಟೋ ಓಡಿಸೋರ ಕೈಗೂ, ತರಕಾರಿ ಮಾರೋರ ಕೈಗೂ ಫೋನು ಬಂತು. ಇದನ್ನ ಒಪ್ಪಿಕೊಳ್ಳಲೇಬೇಕು. ಬೀಗದ ಫೋನು ಬರದೆ ಇದ್ದಿದ್ದರೆ ಬಡವರ ಕೈಗೆ ಮೊಬೈಲು ಇನ್ನೊಂದಷ್ಟು ವರ್ಷ ತಡವಾಗಿ ಬರುತ್ತಿತ್ತು.

ಆದರೆ ಆ ಫೋನಿನ ಬೀಗ ಎಂಥದ್ದು ನೋಡಿ. ಅದು ಸಿಡಿಎಂಎ ಅನ್ನೋ ತಂತ್ರಜ್ಞಾನದ್ದು. ಬಿಎಸ್ಸೆನ್ನೆಲ್, ಏರ್‌ಟೆಲ್, ಸ್ಪೈಸ್ ಮೊಬೈಲುಗಳೆಲ್ಲ ಜಿಎಸ್ಎಂ, ಸಿಮ್ಮು ತೆಗೆದು ಹಾಕೋ ಜಾತಿ. ರಿಲಯನ್ಸ್‌ನ ಆ ಸೆಟ್ಟಿನಲ್ಲಿ ಸಿಮ್ಮೇ ಇರಲಿಲ್ಲ. ನಂಬರನ್ನ ಸೆಟ್ಟಿನೊಳಗೇ ಬರೆದಿರುತ್ತಿದ್ದರು. ಹಾಗಾಗಿ ಕಂಪನಿ ಬಿಡಬೇಕು ಅಂದರೆ ಸೆಟ್ಟನ್ನೂ ಬಿಡಬೇಕು, ನಂಬರನ್ನೂ ಬಿಡಬೇಕು. ಟಾಟಾ ಇಂಡಿಕಾಂ ಕೂಡ ಇದೇ ಜಾತಿ. ತಂತಿ ಇಲ್ಲದೆ ಮನೆ ಫೋನು ಕೊಡೋಕೆ ಬಿಎಸ್ಸೆನ್ನೆಲ್ ತಂದ ಡಬ್ಲ್ಯೂಎಲ್ಎಲ್ ಫೋನು, ಆಂಟೆನಾ ಏರಿಸಿಕೊಂಡು ಕೂರುತ್ತಿತ್ತಲ್ಲ, ಅದೂ ಸಿಡಿಎಂಎ. ಮರ ಬಿದ್ದರೂ ಕಡಿಯದ ಲೈನು ಅಂತ ಮಲೆನಾಡಿನಲ್ಲಿ ಅದಕ್ಕೆ ಮರ್ಯಾದೆ ಇತ್ತು.

ಮುಂದೇನಾಯ್ತು? ಕಂತು ಕಟ್ಟೋರು ಎಷ್ಟೋ ಮಂದಿ ನಡುವೆ ಬಿಟ್ಟರು, ಕಂಪನಿಗೆ ಬಾಕಿ ಬೆಟ್ಟದಷ್ಟಾಯ್ತು. ಪ್ರಪಂಚ ಪೂರ್ತಿ ಜಿಎಸ್ಎಂ ಕಡೆ, ಆಮೇಲೆ 4ಜಿ ಕಡೆ ಹೊರಳಿತು. ಸಿಡಿಎಂಎ ಸೆಟ್ಟು ಮಾಡೋರು ಕಡಿಮೆಯಾದರು. 2017ರ ಡಿಸೆಂಬರಿನಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ತನ್ನ ಮೊಬೈಲ್ ಮಾತಿನ ಸೇವೆಯನ್ನೇ ನಿಲ್ಲಿಸಿತು. ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್‌ಗೆ ಹೋಯಿತು. ಸಿಡಿಎಂಎ ಸೆಟ್ಟುಗಳು ಚೆನ್ನಾಗೇ ಇದ್ದವು, ಬ್ಯಾಟರಿ ನಿಲ್ಲುತ್ತಿತ್ತು, ಗುಂಡಿ ಒತ್ತುತ್ತಿತ್ತು. ಮಾತಾಡೋಕೆ ಟವರ್ ಇರಲಿಲ್ಲ. ಬೇರೆ ಸಿಮ್ಮು ಹಾಕೋಣ ಅಂದರೆ ಜಾಗವಿಲ್ಲ. ಜಿಎಸ್ಎಂ ಜಾತಿಯಲ್ಲೂ ಕಂಪನಿಗಳು ಮುಳುಗಿವೆ, ನಮ್ಮ ರಾಜ್ಯದ ಸ್ಪೈಸ್ 2008ರಲ್ಲಿ ಐಡಿಯಾ ಪಾಲಾಯ್ತು, ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಸೇರಿತು. ಆದರೆ ಆ ಗಿರಾಕಿಗಳ ಸೆಟ್ಟು ಉಳಿಯಿತು.

ಇಲ್ಲಿ ಮೊದಲನೇ ಪಾಠ ಇದೆ. ಬೀಗದ ಫೋನು ತಗೊಂಡವನು ಫೋನೊಂದನ್ನೇ ತಗೊಂಡಿರಲ್ಲ, ಆ ಕಂಪನಿಯ ಆಯುಸ್ಸನ್ನೂ ಜೊತೆಗೆ ಕಟ್ಟಿಕೊಂಡಿರ್ತಾನೆ.

ನಮ್ಮವರು ಕಂಡುಕೊಂಡ ಉಪಾಯ

ಅದೇ ಹೊತ್ತಿಗೆ ಇನ್ನೊಂದು ಕಡೆ ಬೀಗ ತೆರೆಯುವ ಕೆಲಸವೂ ನಡೀತಾ ಇತ್ತು. ಎರಡು ಸಿಮ್ಮಿನ ಅಗ್ಗದ ಸೆಟ್ಟುಗಳು ಬಂದವು. ಮೈಕ್ರೋಮ್ಯಾಕ್ಸ್ 2008ರಲ್ಲಿ ಒಂದು ಸಲ ಚಾರ್ಜ್ ಮಾಡಿದರೆ ತಿಂಗಳು ನಿಲ್ಲುತ್ತೆ ಅಂತ ಒಂದು ಫೋನು ತಂದು ಕರೆಂಟಿಲ್ಲದ ಹಳ್ಳಿಗಳಲ್ಲಿ ಹೆಸರು ಮಾಡಿತು, ಆಮೇಲೆ ಎರಡು ಸಿಮ್ಮಿನ ಸೆಟ್ಟುಗಳಿಂದ ಇನ್ನೂ ಬೆಳೆಯಿತು. ದೊಡ್ಡ ಕಂಪನಿ ನೋಕಿಯಾ ಕೂಡ ತಡವಾಗಿಯಾದರೂ ಎರಡು ಸಿಮ್ಮಿಗೆ ಇಳಿಯಬೇಕಾಯ್ತು. ಪೇಟೆಯವರಿಗೆ ಎರಡು ಸಿಮ್ಮು ಅಂದರೆ ಆಫೀಸಿಗೊಂದು ಮನೆಗೊಂದು. ನಮಗೆ ಈ ಗುಡ್ಡಕ್ಕೊಂದು ಆ ಗುಡ್ಡಕ್ಕೊಂದು. ಮೇಗುಂದಾ ಹೋಬಳಿಯಲ್ಲಿ ಇವತ್ತಿಗೂ ಯಾರ ಜೇಬಿನ ಫೋನು ನೋಡಿದರೂ ಎರಡು ಕಂಪನಿ ಇರೋದು ಸುಮ್ಮನೆ ಅಲ್ಲ.

ಆಮೇಲೆ ನಂಬರಿನ ಬೀಗ ಬಿತ್ತು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸೋ ಸೌಲಭ್ಯ 2010ರ ನವೆಂಬರ್ 25ಕ್ಕೆ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ಕ್ಕೆ ಇಡೀ ದೇಶಕ್ಕೆ ಬಂತು. 1900ಕ್ಕೆ ಮೆಸೇಜು ಕಳಿಸೋ ಪೋರ್ಟಿಂಗ್ ಅಂದರೆ ಇದೇ. ಅವತ್ತು ಇದು ಸಣ್ಣ ವಿಷಯ ಅನ್ನಿಸಿರಬಹುದು. ಇವತ್ತು ನೋಡಿ, ಆಧಾರ್ ಈ ನಂಬರಿಗೆ, ಬ್ಯಾಂಕ್ ಈ ನಂಬರಿಗೆ, ಪಿಎಂ ಕಿಸಾನ್ ಓಟಿಪಿ ಈ ನಂಬರಿಗೆ, ಮಂಡಿಯವರು ಅಡಿಕೆ ದುಡ್ಡು ಹಾಕಿದ ಮೆಸೇಜೂ ಈ ನಂಬರಿಗೆ. ನಂಬರ್ ಬಿಡೋದು ಅಂದರೆ ಅರ್ಧ ಪಹಣಿ ಕಳಕೊಂಡ ಹಾಗೆ. ಆ ಬೀಗವನ್ನ ಸರ್ಕಾರ ತೆಗೆಯಿತು.

ಈಗ ಗಮನಿಸಿ. ನಂಬರ್ ಪೋರ್ಟ್ ಆಗುತ್ತೆ, ಆದರೆ ಬೀಗದ ಸೆಟ್ಟು ಪೋರ್ಟ್ ಆಗಲ್ಲ. ಹೊಸ ಕಂಪನಿಯ ಸಿಮ್ಮು ಬಂದ ದಿನ ಆ ಸೆಟ್ಟು ಮೂಲೆಗೆ. ಅಂದರೆ ಕಾನೂನು ಕೊಟ್ಟ ಹಕ್ಕನ್ನ ಎರಡು ಸಾವಿರದ ರಿಯಾಯಿತಿಗೆ ಅಡ ಇಟ್ಟ ಹಾಗಾಯ್ತು.

ಬೀಗ ಮತ್ತೆ ಬಂದ ಬಗೆ

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯ್ತು, 4ಜಿ ಮಾತ್ರ. ಹಳೇ 2ಜಿ ಗುಂಡಿ ಫೋನಿಗೆ ಆ ಸಿಮ್ಮು ಬರಲ್ಲ. ಹಾಗಾಗಿ ಅವರೇ 2017ರ ಜುಲೈನಲ್ಲಿ ಜಿಯೋಫೋನ್ ಘೋಷಿಸಿದರು. 1500 ರೂಪಾಯಿ ಡಿಪಾಸಿಟ್, ಮೂರು ವರ್ಷ ಆದ ಮೇಲೆ ಸೆಟ್ಟು ವಾಪಸ್ ಕೊಟ್ಟರೆ ದುಡ್ಡು ವಾಪಸ್. ಅದಕ್ಕೆ ವರ್ಷಕ್ಕೆ ಕನಿಷ್ಠ 1500 ರೂಪಾಯಿ ರೀಚಾರ್ಜ್ ಮಾಡಿರಬೇಕು. ಶುರುವಿನಲ್ಲಿ ತಿಂಗಳಿಗೆ 153 ರೂಪಾಯಿ ಪ್ಲಾನು. ಬೇರೆ ಕಂಪನಿ ಸಿಮ್ಮು ನಡೆಯಲ್ಲ. 2021ರ ದೀಪಾವಳಿಗೆ ಬಂದ ಜಿಯೋಫೋನ್ ನೆಕ್ಸ್ಟ್ ಟಚ್ ಸ್ಕ್ರೀನಿನ ಸ್ಮಾರ್ಟ್‌ಫೋನು, 6,499 ರೂಪಾಯಿ. ಎರಡು ಸಿಮ್ಮಿಗೆ ಜಾಗವಿತ್ತು, ಆದರೆ ಇಂಟರ್ನೆಟ್ಟು ಜಿಯೋದಲ್ಲೇ. 2023ರ ಜುಲೈನಲ್ಲಿ 999 ರೂಪಾಯಿಗೆ ಜಿಯೋಭಾರತ್ ಗುಂಡಿ ಫೋನು ಬಂತು, ಅದಕ್ಕೂ ಬೀಗ.

ಏರ್‌ಟೆಲ್ ಬೇರೆ ದಾರಿ ಹಿಡಿಯಿತು. ಮಾರುಕಟ್ಟೆಯಲ್ಲಿ ಆಗಲೇ ಓಪನ್ನಾಗಿ ಮಾರುತ್ತಿದ್ದ ಸೆಟ್ಟಿಗೇ ಬೀಗ ಹಾಕಿ ಅಗ್ಗ ಮಾಡಿದರು. ಪೋಕೋ ಸಿ51 ಅನ್ನೋ ಸ್ಮಾರ್ಟ್‌ಫೋನು 2023ರ ಏಪ್ರಿಲ್‌ನಲ್ಲಿ ಬಂದಾಗ ಬೆಲೆ 8,499. ಜುಲೈನಲ್ಲಿ ಅದೇ ಫೋನಿನ ಏರ್‌ಟೆಲ್ ಆವೃತ್ತಿ 5,999. ಷರತ್ತು ಏನಂದರೆ 18 ತಿಂಗಳು ಏರ್‌ಟೆಲ್ ಸಿಮ್ಮು ಬಿಟ್ಟು ಬೇರೆ ನಡೆಯಲ್ಲ.

ಇದು ಒಳ್ಳೆಯದಾಯ್ತು, ಯಾಕಂದರೆ ಬೀಗದ ಬೆಲೆ ಎಷ್ಟು ಅಂತ ಮೊದಲ ಸಲ ಸ್ಪಷ್ಟವಾಗಿ ಲೆಕ್ಕ ಸಿಕ್ಕಿತು. 8,499ರಲ್ಲಿ 5,999 ಕಳೆದರೆ 2,500. ಅದನ್ನ 18 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 139 ರೂಪಾಯಿ. ಓಪನ್ ಸೆಟ್ಟಿನ ಬೆಲೆ ಪೇಟೆಯಲ್ಲಿ ತಿಂಗಳು ಕಳೆದ ಹಾಗೆ ಇಳಿಯುತ್ತೆ, ಹಾಗಾಗಿ ನಿಜವಾದ ವ್ಯತ್ಯಾಸ ಇದಕ್ಕಿಂತಲೂ ಕಡಿಮೆ ಆಗಬಹುದು. ಅಂದರೆ ಕಂಪನಿ ನಮಗೆ ತಿಂಗಳಿಗೆ ಹೆಚ್ಚೆಂದರೆ 139 ರೂಪಾಯಿ ಕೊಟ್ಟು, "ನೀವು ಬೇರೆ ಕಡೆ ತಲೆ ಹಾಕಬೇಡಿ" ಅಂತಿದೆ. ಒಪ್ಪೋದಾ ಬಿಡೋದಾ ಅನ್ನೋದು ಈಗ ಲೆಕ್ಕದ ಮಾತು, ಭಾವನೆಯ ಮಾತಲ್ಲ.

ದೂರದ ದೇಶದಿಂದ ಬಂದ ಫೋನು

ಮಕ್ಕಳು ಹೊರದೇಶದಲ್ಲಿರೋ ಮನೆಗಳಿಗೆ ಇದು ಇನ್ನೊಂದು ದಾರಿಯಿಂದ ಬರುತ್ತೆ. ಅಮೆರಿಕದಲ್ಲಿ ಫೋನ್ ಕಂಪನಿಯವರೇ ಸೆಟ್ಟಿನ ದುಡ್ಡು ಅರ್ಧ ಹೊತ್ತುಕೊಂಡು, ಎರಡು ವರ್ಷದ ಕರಾರಿನಲ್ಲಿ ವಸೂಲು ಮಾಡೋದು ಬಹಳ ಕಾಲದ ಪದ್ಧತಿ. 2008ರಲ್ಲಿ ಐಫೋನನ್ನ ಅಲ್ಲಿ 199 ಡಾಲರಿಗೆ ಕೊಟ್ಟಿದ್ದು ಹೀಗೆಯೇ. ಅದೇ ಫೋನು 2008ರ ಆಗಸ್ಟಿನಲ್ಲಿ ಏರ್‌ಟೆಲ್, ವೊಡಾಫೋನ್ ಮೂಲಕ ಭಾರತಕ್ಕೆ ಬಂದಾಗ ಬೆಲೆ 31,000 ರೂಪಾಯಿಯಿಂದ ಶುರು, ಆದರೂ ಬೀಗ ಇತ್ತು. ಅಲ್ಲಿ ರಿಯಾಯಿತಿಗೆ ಬೀಗ, ಇಲ್ಲಿ ಪೂರ್ತಿ ದುಡ್ಡಿಗೂ ಬೀಗ. ನಮ್ಮ ಜನ ಅದನ್ನ ಅಷ್ಟಾಗಿ ಕೊಳ್ಳದೆ ಇದ್ದಿದ್ದು ಆಶ್ಚರ್ಯವಲ್ಲ.

ಆಮೇಲೆ ಆ ದೇಶಗಳಲ್ಲೇ ಗಾಳಿ ತಿರುಗಿತು. ಅಮೆರಿಕದಲ್ಲಿ ಗಿರಾಕಿ ತನ್ನ ಫೋನಿನ ಬೀಗ ತೆಗೆಸಿಕೊಳ್ಳೋ ಹಕ್ಕಿಗೆ 2014ರ ಆಗಸ್ಟಿನಲ್ಲಿ ಕಾನೂನು ಬಂತು. ಕೆನಡಾದಲ್ಲಿ 2017ರ ಡಿಸೆಂಬರಿನಿಂದ ಬೀಗದ ಫೋನು ಮಾರುವಂತಿಲ್ಲ. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಹಾಗೆಯೇ. ಅಮೆರಿಕದಲ್ಲಿ ಮಾತ್ರ ಕಂತು ತೀರೋ ತನಕ ಬೀಗ ಹಾಕೋ ಪದ್ಧತಿ ಉಳಿದಿದೆ. ಹಾಗಾಗಿ ಮಗನೋ ಮಗಳೋ ತಮ್ಮ ಹಳೇ ಫೋನು ತರ್ತೀನಿ ಅಂದರೆ, ವಿಮಾನ ಹತ್ತೋ ಮೊದಲೇ ಅಲ್ಲಿನ ಕಂಪನಿಯಲ್ಲಿ ಬೀಗ ತೆಗೆಸಿಕೊಂಡು ಬರೋಕೆ ಹೇಳಿ. ಬಂದ ಮೇಲೆ ಕೊಪ್ಪದಲ್ಲಿ ಕೂತು ಅಮೆರಿಕದ ಬೀಗ ತೆಗೆಸೋದು ಕಷ್ಟ. ಅಂಗಡಿಯಲ್ಲಿ ಕಳ್ಳದಾರಿಯಿಂದ ತೆಗೆಸಿದರೆ ಮುಂದಿನ ಅಪ್‌ಡೇಟಿಗೆ ಮತ್ತೆ ಕೂರಬಹುದು, ಗ್ಯಾರಂಟಿಯೂ ಹೋಗುತ್ತೆ. ಐಫೋನಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ಕ್ಯಾರಿಯರ್ ಲಾಕ್ ಅನ್ನೋ ಜಾಗ ನೋಡಿ. ನೋ ಸಿಮ್ ರಿಸ್ಟ್ರಿಕ್ಷನ್ಸ್ ಅಂತ ಇದ್ದರೆ ಓಪನ್.

ಬೀಗ ಯಾವಾಗಲೂ ಕೆಟ್ಟದ್ದಾ?

ಕಾಫಿ ಇರೋರಿಗೆ ಈ ಪ್ರಶ್ನೆಯ ಉತ್ತರ ಗೊತ್ತೇ ಇದೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳೋರಿಲ್ಲದಾಗ, 1942ರ ಕಾಯಿದೆಯ ಪ್ರಕಾರ ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕು ಅಂತಾಯ್ತು. ಅವತ್ತು ಅದು ಬೆಳೆಗಾರರನ್ನ ಉಳಿಸಿತು. ಕೊಳ್ಳೋರೇ ಇಲ್ಲದಾಗ ಒಬ್ಬ ಖಾತ್ರಿ ಖರೀದಿದಾರ ಸಿಕ್ಕಿದ್ದೇ ದೊಡ್ಡದು. ಆದರೆ ಮುಂದೆ ಹೊರಗೆ ಕೊಳ್ಳೋರು ನಿಂತಿದ್ದರೂ ಮಾರೋ ಹಾಗಿಲ್ಲ, ದುಡ್ಡು ಕಂತು ಕಂತಾಗಿ ಬರೋದನ್ನ ಕಾಯಬೇಕು ಅನ್ನೋ ಕಾಲ ಬಂತು. ಅದೇ ಪೂಲು ಆಗ ಬೀಗ ಅನ್ನಿಸಿತು. 1990ರ ದಶಕದಲ್ಲಿ ಹಂತ ಹಂತವಾಗಿ ಬಿಚ್ಚಿ, 1996ರ ಹೊತ್ತಿಗೆ ಎಲ್ಲರಿಗೂ ಮುಕ್ತ ಮಾರಾಟ ಸಿಕ್ಕಿತು.

ಪೂಲು ಬದಲಾಗಲಿಲ್ಲ, ಸುತ್ತಲಿನ ಆಯ್ಕೆ ಬದಲಾಯ್ತು. ಫೋನಿನ ಬೀಗವೂ ಹಾಗೆಯೇ. ಬೇರೆ ಟವರ್ ಇಲ್ಲದ ಊರಿನಲ್ಲಿ ಬೀಗಕ್ಕೆ ಬೆಲೆಯೇ ಇಲ್ಲ, ಹೇಗಿದ್ದರೂ ಅದೇ ಸಿಮ್ಮು ತಾನೇ. ಎರಡನೇ ಟವರ್ ಬಂದ ದಿನ ಬೀಗ ಭಾರ ಆಗುತ್ತೆ.

ನಮ್ಮ ಕಡೆ ಈಗ ಆ ದಿನಗಳೇ ನಡೀತಿರೋದು. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಬಹಳ ಕಾಲ ಬಿಎಸ್ಸೆನ್ನೆಲ್ಲೇ ಗತಿ, ಅದೂ ಕರೆಂಟ್ ಇದ್ದರೆ. ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡೋ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು, 24,680 ಹಳ್ಳಿಗೆ 26,316 ಕೋಟಿ. ದೇಶದಲ್ಲೇ ಮಾಡಿದ ಉಪಕರಣದ ಬಿಎಸ್ಸೆನ್ನೆಲ್ 4ಜಿ 2025ರ ಸೆಪ್ಟೆಂಬರ್ 27ಕ್ಕೆ ಅಧಿಕೃತವಾಗಿ ಉದ್ಘಾಟನೆ ಆಯ್ತು. ಸರ್ಕಾರಿ ನಿಧಿಯ ಟವರುಗಳಲ್ಲಿ ಒಂದು ಕಂಪನಿಯ ಟವರಿನಿಂದ ಇನ್ನೊಂದು ಕಂಪನಿಯವರೂ ಮಾತಾಡೋ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿದೆ. ಖಾಸಗಿಯವರೂ ಹೊಸ ಗುಡ್ಡ ಹುಡುಕ್ತಿದ್ದಾರೆ.

ಹೀಗಿರುವಾಗ ಮೂರು ನಾಲ್ಕು ವರ್ಷ ಬಾಳಿಕೆ ಬರಬೇಕಾದ ಫೋನನ್ನ ಇವತ್ತಿನ ಟವರ್ ನೋಡಿ ಬೀಗ ಹಾಕಿಸಿಕೊಂಡರೆ, ನಾಡಿದ್ದು ಎದುರಿನ ಗುಡ್ಡದ ಮೇಲೆ ಏಳೋ ಟವರಿಗೆ ನಾವೇ ಬಾಗಿಲು ಹಾಕಿದ ಹಾಗೆ. ಬಯಲುಸೀಮೆಯವನು ಬೀಗ ತಗೊಂಡರೆ ಅವನು ಬಿಡೋದು ಅಗ್ಗದ ಪ್ಲಾನನ್ನ. ನಾವು ಬಿಡೋದು ರೇಂಜನ್ನೇ. ಬೀಗದ ಬೆಲೆ ಇಬ್ಬರಿಗೂ ತಿಂಗಳಿಗೆ 139 ರೂಪಾಯಿಯೇ ಕೊಟ್ಟರೆ ನಮಗೆ ಅದು ಸಾಲದು ಅಂತ ನನ್ನ ಅಭಿಪ್ರಾಯ.

ಹಾಗಂತ ಎಲ್ಲರಿಗೂ ಓಪನ್ನೇ ಆಗಬೇಕು ಅಂತಲೂ ಅಲ್ಲ. ಮನೆಯಿಂದ ಹೆಚ್ಚು ಹೊರಗೆ ಹೋಗದ ಹಿರಿಯರಿಗೆ, ಮನೆಯಲ್ಲಿ ಆ ಕಂಪನಿಯ ರೇಂಜ್ ಗಟ್ಟಿ ಇದ್ದರೆ, 999ರ ಗುಂಡಿ ಫೋನು ಸಾಕು. ಕೂಲಿಗೆ ಬರೋ ಮನೆಯವರಿಗೆ ಒಟ್ಟಿಗೆ ಎಂಟು ಸಾವಿರ ಹೊಂದಿಸೋದು ಕಷ್ಟ, ಅವರಿಗೆ ಬೀಗದ ಸ್ಮಾರ್ಟ್‌ಫೋನೇ ಮಕ್ಕಳ ಓದಿಗೆ ಬಾಗಿಲು ತೆರೆದರೆ ಬೇಡ ಅನ್ನೋಕೆ ನಾವು ಯಾರು? ಎಲ್ಲಕ್ಕಿಂತ ಮನೆಯಲ್ಲಿ ಒಂದಾದರೂ ಓಪನ್ ಸೆಟ್ಟು, ಅದರಲ್ಲಿ ಎರಡು ಬೇರೆ ಬೇರೆ ಕಂಪನಿ ಸಿಮ್ಮು ಇರಲಿ. ಮಳೆಗಾಲದಲ್ಲಿ ಒಂದು ಟವರಿನ ಡೀಸೆಲ್ ಖಾಲಿಯಾದರೆ ಇನ್ನೊಂದು ಇರಬೇಕಲ್ಲ.

ದುಡ್ಡು ಕೊಡೋ ಮುಂಚೆ

ಒಂದು, ಅಂಗಡಿಗೆ ಹೋಗೋ ಮೊದಲು ಗುಡ್ಡ ಓದಿ. ಅಕ್ಕಪಕ್ಕದವರ ಮೂರು ಕಂಪನಿಯ ಫೋನು ಹಿಡಿದು ಅಂಗಳ, ಕಣ, ತೋಟದ ತಗ್ಗು, ಪಂಪ್‌ಸೆಟ್ ಮನೆ ನಾಲ್ಕು ಕಡೆ ನೋಡಿ. ಕರೆಂಟ್ ಹೋಗಿ ಮೂರು ಗಂಟೆ ಆದ ಮೇಲೆ ಇನ್ನೊಂದು ಸಲ ನೋಡಿ. ಕಡ್ಡಿ ಎಷ್ಟಿದೆ ಅನ್ನೋದಕ್ಕಿಂತ ಕರೆ ಮಾಡಿ ಮಾತು ಕೇಳಿಸುತ್ತಾ ಅನ್ನೋದು ಮುಖ್ಯ.

ಎರಡು, ಅಂಗಡಿಯಲ್ಲಿ ಬೇರೆ ಕಂಪನಿಯ ಸಿಮ್ಮು ಹಾಕಿಸಿಯೇ ನೋಡಿ. ಅನ್‌ಲಾಕ್ ಪಿನ್ ಕೇಳಿದರೆ ಬೀಗ ಇದೆ ಅಂತ ಅರ್ಥ. ಬೀಗದ್ದೇ ತಗೊಳ್ಳೋದಾದರೆ ಎಷ್ಟು ತಿಂಗಳಿಗೆ, ಆಮೇಲೆ ತಾನಾಗಿ ಬಿಚ್ಚುತ್ತಾ, ನಡುವೆ ರೀಚಾರ್ಜ್ ನಿಂತರೆ ಏನಾಗುತ್ತೆ, ಎರಡನೇ ಸಿಮ್ಮಿಗೂ ಬೀಗ ಇದೆಯಾ, ಈ ನಾಲ್ಕನ್ನೂ ಕೇಳಿ.

ಮೂರು, ಓಪನ್ ಅಂದ ಮಾತ್ರಕ್ಕೆ ಎಲ್ಲಾ ಟವರ್ ಹಿಡಿಯಲ್ಲ. ಬೀಗ ಇಲ್ಲದಿದ್ದರೂ ಆ ಕಂಪನಿಯ ತರಂಗ ಓದೋ ಶಕ್ತಿ ಸೆಟ್ಟಿನಲ್ಲಿ ಇರಬೇಕು. ಬಿಎಸ್ಸೆನ್ನೆಲ್ 4ಜಿಗೆ 700 ಮೆಗಾಹರ್ಟ್ಸ್ ತರಂಗವೂ ಸಿಕ್ಕಿದೆ. ಕಡಿಮೆ ಮೆಗಾಹರ್ಟ್ಸ್‌ನ ತರಂಗ ದೂರ ಹೋಗುತ್ತೆ, ಮರಗಿಡ ಗೋಡೆ ದಾಟೋದರಲ್ಲೂ ವಾಸಿ. ಅದು ಹಿಡಿಯಬೇಕಾದರೆ ಸೆಟ್ಟಿನ ವಿವರದಲ್ಲಿ ಬ್ಯಾಂಡ್ 28 ಅಂತ ಇರಬೇಕು. ಕೆಲವು ಅಗ್ಗದ ಸೆಟ್ಟುಗಳಲ್ಲಿ ಇರಲ್ಲ. ಜಿಯೋದ 850 ತರಂಗಕ್ಕೆ ಬ್ಯಾಂಡ್ 5, ಏರ್‌ಟೆಲ್‌ನ 900ಕ್ಕೆ ಬ್ಯಾಂಡ್ 8. ನಮ್ಮ ಗುಡ್ಡಕ್ಕೆ ಈ ಮೂರೂ ಇರೋ ಓಪನ್ ಸೆಟ್ಟು ಹುಡುಕಿ.

ನಾಲ್ಕು, ಈಗ ಇನ್ನೊಂದು ಜಾತಿಯ ಬೀಗ ಬಂದಿದೆ. ಸಿಮ್ಮು ಯಾವುದಾದರೂ ಹಾಕಿ, ಆದರೆ ಕಂತಿನಲ್ಲಿ ತಗೊಂಡ ಫೋನಿನೊಳಗೆ ಸಾಲ ಕೊಟ್ಟವರ ಆ್ಯಪು ಕೂತಿರುತ್ತೆ, ಕಂತು ತಪ್ಪಿದರೆ ಫೋನೇ ಬಂದ್. ನಮ್ಮ ಆದಾಯ ತಿಂಗಳಿಗೊಮ್ಮೆ ಬರೋದಲ್ಲ, ಕೊಯ್ಲಿಗೊಮ್ಮೆ ಬರೋದು. ಎಲೆಚುಕ್ಕೆ ರೋಗದ ವರ್ಷ ಅದೂ ಅನುಮಾನ. ಸಾಲದ ಕಾಗದದಲ್ಲಿ ಈ ಮಾತು ಇದೆಯಾ ಅಂತ ಓದಿಸಿ ಕೇಳಿ.

ಐದು, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಬರೋ 15 ಅಂಕಿಯ ಐಎಂಇಐ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೆ ವೈ ಎಂ ಅಂತ ಬರೆದು, ಜಾಗ ಬಿಟ್ಟು, ಆ ಅಂಕಿ ಹಾಕಿ 14422ಕ್ಕೆ ಮೆಸೇಜು ಕಳಿಸಿದರೆ ಕಳವಿನ ಫೋನೋ ಅಲ್ಲವೋ ಗೊತ್ತಾಗುತ್ತೆ. ಕಳವಿನದ್ದಾದರೆ ಓಪನ್ ಇದ್ದರೂ ಒಂದು ದಿನ ಸರ್ಕಾರವೇ ಬೀಗ ಹಾಕುತ್ತೆ.

ನಿಮ್ಮ ನಿಮ್ಮ ಕಡೆ ಯಾವ ತಗ್ಗಿಗೆ ಯಾವ ಕಂಪನಿ ಹಿಡಿಯುತ್ತೆ ಅಂತ ಕೆಳಗೆ ಬರೀರಿ. ಊರಿನ ಹೆಸರು, ಕಂಪನಿ, ಕರೆಂಟ್ ಹೋದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೆ, ಇಷ್ಟು ಸಾಕು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನದ್ದು ಒಂದು ಕಡೆ ಸೇರಿದರೆ ಫೋನು ತಗೊಳ್ಳೋರಿಗೆ ಯಾವ ಅಂಗಡಿಯವರ ಮಾತಿಗಿಂತಲೂ ಅದೇ ಉಪಯೋಗಕ್ಕೆ ಬರುತ್ತೆ.